ಕಾಕ ಎತ್ಕೊಂಡೋದ ಗಿಲಕಿ

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬೆಳಗ್ಗೆ ಏಳಕ್ಕೆ ದೊಡ್ಡಮ್ಮನ ಮನೆಯ ಜಗಲಿಯ ಮೇಲೆ ಕೂತರೆ ಹುತ್ರಿದುರ್ಗ ಕಾಣುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 3,700 ಅಡಿ ಎತ್ತರದ ಬಂಡೆಬೆಟ್ಟ, ಅದರ ಮೈಗೆ ಸುತ್ತಿಕೊಂಡ ಕೆಂಪೇಗೌಡರ ಕಾಲದ ಕೋಟೆ, ನೆತ್ತಿಯ ಮೇಲಿನ ಶಂಕರೇಶ್ವರನ ಗುಡಿ, ಎಲ್ಲವನ್ನೂ ಮಂಜು ಮುಚ್ಚಿರುತ್ತದೆ. ಬೆಟ್ಟ ಇಲ್ಲವಲ್ಲ ಎಂದು ಊರಿನಲ್ಲಿ ಯಾರೂ ಗಾಬರಿ ಬೀಳುವುದಿಲ್ಲ. ಮೇಕೆ ಹೊಡೆದುಕೊಂಡು ಹೊರಟವರು ಕಾಣದ ಬೆಟ್ಟದ ಕಡೆಗೇ ನೆಟ್ಟಗೆ ನಡೆಯುತ್ತಾರೆ. ಒಂಬತ್ತರ ಹೊತ್ತಿಗೆ ಮಂಜು ಕರಗಿ ಕೋಟೆಯ ಬಾಗಿಲು ಹೊಳೆದಾಗ, ಬಂತಲ್ಲ ಎಂದು ಚಪ್ಪಾಳೆ ತಟ್ಟುವವರೂ ಇಲ್ಲ.

ಈ ಸಲ ಆ ಜಗಲಿಯ ಮೇಲೆ ಎಂಟು ತಿಂಗಳ ಕೂಸೊಂದಿತ್ತು, ದೊಡ್ಡಮ್ಮನ ಮೊಮ್ಮಗಳು. ಹಳೇ ಸೀರೆಗಳ ಕೌದಿಯ ಮೇಲೆ ಕೂರಿಸಿ, ಮುಂದೆ ಚನ್ನಪಟ್ಟಣದ ಕೆಂಪು ಹಳದಿ ಗಿಲಕಿ ಇಟ್ಟಿದ್ದರು. ದೊಡ್ಡಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಗಿಲಕಿ ಉರುಳಿ ಅವರ ಕಾಲ ಬಳಿ ಬಂತು. ಅದರ ಮೇಲೆ ಮೊರ ಕವುಚಿ, "ಎಲ್ಲೋಯ್ತು? ಕಾಕ ಎತ್ಕೊಂಡೋಯ್ತು!" ಎಂದರು. ಪಕ್ಕದ ಮನೆಯ ಎರಡು ವರ್ಷದ ಹುಡುಗ ತಟ್ಟನೆ ತೆಂಗಿನ ಮರದತ್ತ ತಲೆ ಎತ್ತಿದ, ಒಂದು ಗಳಿಗೆ ಯೋಚಿಸಿದ, ಆಮೇಲೆ ಬಂದು ಮೊರ ಎತ್ತಿದ. ಅಷ್ಟು ಹೊತ್ತೂ ಪಾಪು ಮಾಡಿದ್ದೇ ಬೇರೆ. ಚಾಚಿದ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿತು. ಮೊರವನ್ನು ಮುಟ್ಟಲಿಲ್ಲ. ಅಜ್ಜಿಯ ಬಾಯಿ ನೋಡಿತು, ತನ್ನ ಕೈ ನೋಡಿಕೊಂಡಿತು, ಕೌದಿಯ ದಾರ ಕೀಳಲು ಶುರುಮಾಡಿತು.

"ಅದುಕ್ಕೇನ್ ಗೊತ್ತಾಯ್ತದಪ್ಪ, ಏನೂ ತಿಳೀದ ಕೂಸು" ಎಂದರು ದೊಡ್ಡಮ್ಮ. ಆ ಮಾತು ನನ್ನನ್ನು ಮನೆಗೆ ಬಂದ ಮೇಲೂ ಬಿಡಲಿಲ್ಲ. ಮೊರ ಕವುಚಿದ ಮೇಲೆ ಆ ಪುಟ್ಟ ತಲೆಯೊಳಗೆ ಗಿಲಕಿ ಎಲ್ಲಿತ್ತು? ಬೆಟ್ಟ ಮಂಜಿನ ಹಿಂದೆ ಇದ್ದ ಹಾಗೆ ಇತ್ತೋ, ಅಥವಾ ಬಿಸಿಲಿಗೆ ಮಂಜು ಹೋದ ಹಾಗೆ ಹೋಗಿಬಿಟ್ಟಿತ್ತೋ?

ಬಿ.ಇಡಿ. ಓದಿದ ಮೇಷ್ಟರನ್ನು ಕೇಳಿದರೆ ತಕ್ಷಣ ಒಂದು ಹೆಸರು ಹೇಳುತ್ತಾರೆ: ಜೀನ್ ಪಿಯಾಜೆ. 1896ರಲ್ಲಿ ಹುಟ್ಟಿದ ಈ ಸ್ವಿಟ್ಜರ್ಲೆಂಡಿನ ವಿದ್ವಾಂಸ ಪ್ರಯೋಗಾಲಯ ಹುಡುಕಿಕೊಂಡು ಹೋಗಲಿಲ್ಲ. ತನ್ನ ಮೂವರು ಮಕ್ಕಳ ತೊಟ್ಟಿಲ ಪಕ್ಕ ಕೂತು ದಿನದಿನವೂ ಬರೆದಿಟ್ಟ. ಹಿರಿಯ ಮಗಳು ಜಾಕ್ಲಿನ್‌ಗೆ ಏಳು ತಿಂಗಳು 28 ದಿನವಾಗಿದ್ದಾಗಿನ ಒಂದು ಟಿಪ್ಪಣಿ ಬಹಳ ಹೆಸರಾಗಿದೆ. ಹೊದಿಕೆಯ ಮೇಲಿದ್ದ ಆಟದ ಬಾತುಕೋಳಿಯನ್ನು ಹಿಡಿಯಲು ಮಗು ಕೈ ಚಾಚುತ್ತಾಳೆ. ಬಾತು ಜಾರಿ ಬಟ್ಟೆಯ ಮಡಿಕೆಯ ಹಿಂದೆ ಬೀಳುತ್ತದೆ. ಕಣ್ಣು ಅದನ್ನು ಹಿಂಬಾಲಿಸುತ್ತದೆ, ಕೈಯೂ ಹಿಂಬಾಲಿಸುತ್ತದೆ. ಬಾತು ಮರೆಯಾಯಿತೋ, ಹುಡುಕಾಟ ಅಲ್ಲಿಗೆ ಮುಗಿಯಿತು. ನಮ್ಮ ಜಗಲಿಯ ಮೇಲೆ ನಡೆದದ್ದೂ ಇದೇ. ಇಂಥ ನೂರಾರು ಗಮನಿಕೆಗಳನ್ನು ಕೂಡಿಸಿ ಪಿಯಾಜೆ 1937ರಲ್ಲಿ ಪುಸ್ತಕ ಪ್ರಕಟಿಸಿದ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ಅರಿವು ಹುಟ್ಟಿನಿಂದ ಬರುವುದಿಲ್ಲ, ಮಗು ಅದನ್ನು ಎರಡು ವರ್ಷ ತೆಗೆದುಕೊಂಡು ಕಟ್ಟಿಕೊಳ್ಳುತ್ತದೆ ಎಂಬುದು ಅವನ ತೀರ್ಮಾನ. ನಮ್ಮ ಶಿಕ್ಷಣದ ಪಠ್ಯಗಳಲ್ಲಿ ಇದನ್ನು ವಸ್ತು ಸ್ಥಿರತೆ ಎಂದು ಕರೆಯುತ್ತಾರೆ.

ಪಿಯಾಜೆ ನೋಡಿದ್ದು ತಪ್ಪಾಗಿರಲಿಲ್ಲ. ಅವನು ನೋಡಿದ್ದನ್ನೆಲ್ಲ ಯಾವ ಮನೆಯಲ್ಲಾದರೂ ಇಂದಿಗೂ ನೋಡಬಹುದು. ಆದರೆ ಅವನು ನಂಬಿದ್ದು ಕೈಯನ್ನು. ಕೈ ಹುಡುಕಲಿಲ್ಲವೆಂದರೆ ಮನಸ್ಸಿನಲ್ಲಿ ವಸ್ತುವೇ ಇಲ್ಲ ಎಂದ. ಕೈಯಲ್ಲಿ ಮಾಡಿ ತೋರಿಸಲಾಗದ್ದೆಲ್ಲ ತಲೆಯಲ್ಲೂ ಇಲ್ಲ ಎನ್ನುವುದಾದರೆ ಪಾರ್ಶ್ವವಾಯು ಹೊಡೆದು ಮಲಗಿದ ಹಿರಿಯರ ಬಗ್ಗೆ ನಾವು ಏನೆಂದುಕೊಳ್ಳಬೇಕು?

ಕೈಯನ್ನು ಬಿಟ್ಟು ಕಣ್ಣನ್ನು ಕೇಳಿ ನೋಡೋಣ ಎಂದು ಹೊರಟವರು ರೆನೆ ಬಯ್ಯರ್ಜನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟಾನ್ಲಿ ವಾಸರ್ಮನ್. 1985ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹಳ ಸರಳ. ಐದು ತಿಂಗಳ ಮಗುವಿನ ಮುಂದೆ ಒಂದು ಹಲಗೆ. ಬುಡದ ಅಂಚು ಮೇಜಿಗೆ ಅಂಟಿದ್ದು, ಪೆಟ್ಟಿಗೆಯ ಮುಚ್ಚಳದಂತೆ ಮೇಲೆದ್ದು ಪೂರ್ತಿ ಆಚೆಗೆ ಮಲಗುತ್ತದೆ, ಮತ್ತೆ ಈಚೆಗೆ ಬರುತ್ತದೆ. ಮಗು ನೋಡಿ ನೋಡಿ ಬೇಸರಪಡುವವರೆಗೂ ಇದನ್ನೇ ತೋರಿಸುತ್ತಾರೆ. ಆಮೇಲೆ ಹಲಗೆಯ ಹಿಂದೆ ಒಂದು ಪೆಟ್ಟಿಗೆ ಇಡುತ್ತಾರೆ. ಹಲಗೆ ಎದ್ದಾಗ ಪೆಟ್ಟಿಗೆ ಮರೆಯಾಗುತ್ತದೆ. ಒಂದು ಸಲ ಹಲಗೆ ಪೆಟ್ಟಿಗೆಗೆ ತಾಗಿ ನಿಲ್ಲುತ್ತದೆ. ಇನ್ನೊಂದು ಸಲ, ಗುಟ್ಟಾಗಿ ಪೆಟ್ಟಿಗೆ ತೆಗೆದಿರುವುದರಿಂದ, ಅಲ್ಲೇನೂ ಇಲ್ಲವೇನೋ ಎಂಬಂತೆ ಪೂರ್ತಿ ಮಲಗಿಬಿಡುತ್ತದೆ. ಮಗುವಿನ ತಲೆಯಿಂದ ಪೆಟ್ಟಿಗೆ ಅಳಿಸಿಹೋಗಿದ್ದರೆ ಎರಡರಲ್ಲೂ ಅಚ್ಚರಿಯಿಲ್ಲ. ಮಕ್ಕಳು ಆಗಬಾರದ್ದನ್ನೇ ಹೆಚ್ಚು ಹೊತ್ತು ನೆಟ್ಟ ನೋಟದಿಂದ ನೋಡಿದವು. 1987ರಲ್ಲಿ ಬಯ್ಯರ್ಜನ್ ನಾಲ್ಕೂವರೆ ತಿಂಗಳ ಮಕ್ಕಳಲ್ಲೂ, ಮೂರೂವರೆ ತಿಂಗಳ ಕೆಲವು ಮಕ್ಕಳಲ್ಲೂ ಇದನ್ನೇ ಕಂಡರು. ಕುತ್ತಿಗೆ ನಿಂತು ಇನ್ನೂ ಹೆಚ್ಚು ದಿನವಾಗಿರದ ಮಕ್ಕಳವು.

ಇದನ್ನು ಎಲ್ಲರೂ ಒಪ್ಪಿಬಿಡಲಿಲ್ಲ. ಹೆಚ್ಚು ಅಲ್ಲಾಡುವುದನ್ನು ಮಗು ಹೆಚ್ಚು ನೋಡುತ್ತದೆ, ಅದಕ್ಕೆ ಇಷ್ಟು ದೊಡ್ಡ ಅರ್ಥ ಏಕೆ ಎಂದು ಕೇಳಿದವರಿದ್ದಾರೆ. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಆದರೆ ಬೇರೆ ದಾರಿಗಳಿಂದ ಬಂದ ಸಾಕ್ಷಿಗಳೂ ಅದೇ ಊರಿಗೆ ಬಂದು ಸೇರಿದವು. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕತ್ತಲೆಯ ಪ್ರಯೋಗ. 1986ರಲ್ಲಿ ಬ್ರೂಸ್ ಹುಡ್ ಮತ್ತು ಪೀಟರ್ ವಿಲ್ಲಟ್ಸ್ ಐದು ತಿಂಗಳ ಮಕ್ಕಳಿಗೆ ಆಟಿಕೆ ತೋರಿಸಿ, ಕೈ ಚಾಚುವ ಮೊದಲೇ ದೀಪ ಆರಿಸಿದರು. ಕತ್ತಲಲ್ಲೂ ಕಾಣುವ ಕ್ಯಾಮೆರಾದಲ್ಲಿ ನೋಡಿದರೆ, ಆಟಿಕೆ ಕಂಡಿದ್ದ ಜಾಗಕ್ಕೇ ಮಕ್ಕಳ ಕೈ ಹೋಗುತ್ತಿತ್ತು. ಕರೆಂಟ್ ಹೋದಾಗ ಊಟದ ತಟ್ಟೆ ಎಲ್ಲಿದೆಯೆಂದು ನಮ್ಮ ಕೈಗೆ ಗೊತ್ತಿರುವಂತೆ. ಬಟ್ಟೆಯ ಕೆಳಗಿರುವ ಆಟಿಕೆಯನ್ನು ತೆಗೆಯಲು ಇನ್ನೂ ಮೂರು ತಿಂಗಳು ಬೇಕಾಗಿರುವ ಮಗುವಿಗೆ, ಕತ್ತಲ ಕೆಳಗಿರುವುದು ಸಿಗುತ್ತದೆ!

ಇದು ಹೇಗೆ? ಕತ್ತಲೆ ಏನನ್ನೂ ತೋರಿಸುವುದಿಲ್ಲ. ಮೊರ ಹಾಗಲ್ಲ, ಅದು ತಾನೇ ಒಂದು ವಸ್ತು. ಗಿಲಕಿಯ ನೆನಪು ಇನ್ನೂ ತೆಳ್ಳಗಿರುವಾಗ ಕಣ್ಣೆದುರಿಗಿನ ಮೊರ ಆ ನೆನಪಿನ ಮೇಲೇ ಕೂರುತ್ತದೆ. ಯೂಕೋ ಮುನಕಾಟಾ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟ ವಾದದ ತಿರುಳು ಇದು: ಅರಿವು ದೀಪದ ಗುಂಡಿಯಂತೆ ಒಮ್ಮೆಗೇ ಹತ್ತುವುದಿಲ್ಲ, ಹಂತಹಂತವಾಗಿ ಗಟ್ಟಿಯಾಗುತ್ತದೆ. ತೆಳ್ಳನೆಯ ನೆನಪು ಕಣ್ಣನ್ನು ಅರಳಿಸಲು ಸಾಕು, ಕೈಯನ್ನು ಎತ್ತಿಸಲು ಸಾಲದು. ಕೆಂಡವಿರುವ ಒಲೆ ಕೈ ಕಾಯಿಸಲು ಸಾಕು, ಮುದ್ದೆಗೆ ಎಸರು ಕುದಿಸಲು ಸಾಲದು. ಹಾಗೆಂದು ಒಲೆ ಆರಿದೆ ಎನ್ನಲಾದೀತೆ?

ಹಾಗಾದರೆ ಆ ಕೆಂಡ ಮಿದುಳಿನಲ್ಲಿ ಎಲ್ಲಿದೆ ಎಂದು ಕೇಳಬೇಕು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಶಿಶು ಪ್ರಯೋಗಾಲಯದಲ್ಲಿ ಜೋರ್ಡಿ ಕಾಫ್‌ಮನ್, ಗೆರ್ಗೆಯ್ ಚಿಬ್ರಾ ಮತ್ತು ಮಾರ್ಕ್ ಜಾನ್ಸನ್ 2003ರಲ್ಲಿ ಅದನ್ನು ನೋಡಲು ಹೊರಟರು. ಆರು ತಿಂಗಳ ಮಕ್ಕಳ ತಲೆಗೆ ಒದ್ದೆ ಸ್ಪಂಜಿನ ಗುಂಡಿಗಳನ್ನು ಪೋಣಿಸಿದ ಬಲೆಯಂಥ ಟೋಪಿ. ಸೂಜಿಯಿಲ್ಲ, ನೋವಿಲ್ಲ. ನೆತ್ತಿಯ ಮೇಲೆ ಹಾಯುವ ಅತಿ ಸಣ್ಣ ವಿದ್ಯುತ್ ಅಲೆಗಳನ್ನು ಅದು ಹಿಡಿಯುತ್ತದೆ. ಮಕ್ಕಳಿಗೆ ತೋರಿಸಿದ್ದು ಆಟದ ರೈಲು. ರೈಲು ಸುರಂಗದೊಳಗೆ ಹೋಗುತ್ತದೆ, ಒಂದು ಕೈ ಬಂದು ಸುರಂಗವನ್ನು ಎತ್ತುತ್ತದೆ. ರೈಲು ಒಳಗೆ ಇರಬೇಕಾಗಿದ್ದೂ ಇಲ್ಲದೇ ಹೋದ ಗಳಿಗೆಯಲ್ಲಿ, ತಲೆಯ ಬಲಬದಿ, ಕಿವಿಯ ಮೇಲ್ಭಾಗದ ಮಿದುಳಿನಲ್ಲಿ ಗಾಮಾ ಎಂಬ ವೇಗದ ಅಲೆ ಏರಿತು. ಸೆಕೆಂಡಿಗೆ ಹತ್ತಾರು ಸಲ ಮಿಡಿಯುವ ಅಲೆ ಅದು. ಕಣ್ಣು ಇಲ್ಲ ಎನ್ನುತ್ತಿದೆ, ಮಿದುಳು ಇದೆಯಲ್ಲ ಎಂದು ಹಿಡಿದುಕೊಂಡಿದೆ ಎಂದು ಸಂಶೋಧಕರು ಅದನ್ನು ಅರ್ಥೈಸಿದರು.

2005ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಸ್ತು ಕಾಣದಾಗುವುದು ಎರಡು ಬಗೆಯಲ್ಲಿ. ಒಂದು, ಯಾವುದರದೋ ಹಿಂದೆ ಮರೆಯಾಗುವುದು. ಇನ್ನೊಂದು, ತಾನೇ ಚೂರುಚೂರಾಗಿ ಕರಗಿಹೋಗುವುದು. ಆರು ತಿಂಗಳ ಮಕ್ಕಳಿಗೆ ಪರದೆಯ ಮೇಲೆ ಎರಡನ್ನೂ ತೋರಿಸಿದರು. ಕೊನೆಗೆ ಕಣ್ಣ ಮುಂದೆ ಉಳಿಯುವುದು ಎರಡರಲ್ಲೂ ಒಂದೇ: ವಸ್ತುವಿಲ್ಲದ ಜಾಗ. ಆದರೂ ಮರೆಯಾದಾಗ ಬಲಬದಿಯ ಗಾಮಾ ಅಲೆ ಎದ್ದು ನಿಂತಿತು, ಕರಗಿದಾಗ ಹಾಗಾಗಲಿಲ್ಲ. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ದೊಡ್ಡಮ್ಮನ ಜಗಲಿಯಲ್ಲಿ ನಾನು ಕೇಳಿಕೊಂಡ ಪ್ರಶ್ನೆಯೇ ಇದು. ಬೆಟ್ಟ ಮಂಜಿನ ಹಿಂದಿರುವುದು ಬೇರೆ, ಮಂಜು ಬಿಸಿಲಿಗೆ ಹೋಗುವುದು ಬೇರೆ ಎಂದು ಆರು ತಿಂಗಳ ಮಿದುಳು ಬೇರ್ಪಡಿಸಿ ಇಡುತ್ತಿದೆ.

ಹುತ್ರಿದುರ್ಗ ಹತ್ತುವ ದಾರಿಯಲ್ಲೇ ಇನ್ನೊಂದು ಪ್ರಯೋಗ ಕಣ್ಣಿಗೆ ಬೀಳುತ್ತದೆ. ಕೋಟೆಯ ಬಾಗಿಲುಗಳು ಒಂದರ ಹಿಂದೆ ಒಂದು, ನಡುನಡುವೆ ದೊಡ್ಡ ಬಂಡೆಗಳು. ಕೆಳಗೆ ನಿಂತು ನೋಡಿದರೆ ಕೆಂಪು ಸೀರೆಯ ಹೆಂಗಸೊಬ್ಬರು ಮೆಟ್ಟಿಲೇರುತ್ತಾ ಬಂಡೆಯ ಮರೆಗೆ ಹೋಗುತ್ತಾರೆ. ನಮ್ಮ ಕಣ್ಣು ಬಂಡೆಯ ಮೇಲೇ ನಿಲ್ಲುವುದಿಲ್ಲ. ಅವರು ಮತ್ತೆ ಕಾಣಿಸಬೇಕಾದ ಆಚೆ ಅಂಚಿಗೆ ಮೊದಲೇ ಹೋಗಿ ಕಾಯುತ್ತದೆ. ಈ ಕಾಯುವಿಕೆ ಮಗುವಿಗೆ ಯಾವಾಗ ಬರುತ್ತದೆ? ಸ್ಕಾಟ್ ಜಾನ್ಸನ್, ದಿಮಾ ಆಮ್ಸೊ ಮತ್ತು ಜೊನಾಥನ್ ಸ್ಲೆಮ್ಮರ್ 2003ರಲ್ಲಿ ಮಕ್ಕಳ ಕಣ್ಣಿನ ಚಲನೆಯನ್ನು ಉಪಕರಣದಿಂದ ಅಳೆದರು. ಚೆಂಡೊಂದು ಪೆಟ್ಟಿಗೆಯ ಹಿಂದೆ ಹೋಗಿ ಆಚೆ ಬರುತ್ತದೆ. ಆರು ತಿಂಗಳ ಮಕ್ಕಳ ಕಣ್ಣು ಚೆಂಡಿಗಿಂತ ಮೊದಲೇ ಆಚೆ ಅಂಚಿಗೆ ಹೋಗುತ್ತಿತ್ತು. ನಾಲ್ಕು ತಿಂಗಳ ಮಕ್ಕಳು ಹಿಂದೆ ಉಳಿದವು. ಆದರೆ ಮರೆಯಿಲ್ಲದೆ ಚೆಂಡು ಓಡಾಡುವುದನ್ನು ಎರಡೇ ನಿಮಿಷ ಮೊದಲೇ ತೋರಿಸಿದ್ದರೆ, ನಾಲ್ಕು ತಿಂಗಳವೂ ಕಾಯಲು ಕಲಿತವು. ಎರಡು ನಿಮಿಷ! ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಾಗಿಲಲ್ಲಿ ನಿಂತು, ಬರುವ ದನ, ಹೋಗುವ ಬಸ್ಸು ತೋರಿಸುವ ಅಜ್ಜಿಯಂದಿರು ಎಷ್ಟು ಸಾವಿರ ನಿಮಿಷಗಳನ್ನು ಕೊಡುತ್ತಾರೆಂದು ಯಾರು ಲೆಕ್ಕ ಇಟ್ಟಿದ್ದಾರೆ?

ಕೋಳಿಮರಿಗಳ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅಂದು ಜಗಲಿಯ ಕೆಳಗೆ ಅವೂ ಇದ್ದವು. ಇಟಲಿಯ ಚಿಂಜಿಯಾ ಕ್ಯಾಂಡೆಟ್ಟಿ ಮತ್ತು ಜಾರ್ಜಿಯೊ ವಲ್ಲೊರ್ತಿಗಾರ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊಟ್ಟೆಯೊಡೆದು ನಾಲ್ಕು ದಿನವಾಗಿದ್ದ ಮರಿಗಳು ತಾವು ತಾಯಿಯೆಂದು ಹಚ್ಚಿಕೊಂಡ ವಸ್ತುವನ್ನು ಹುಡುಕಿ ಹೋದವು. ಎರಡು ತೆರೆಗಳಲ್ಲಿ ಆ ವಸ್ತುವನ್ನು ಪೂರ್ತಿ ಮರೆಮಾಡುವಷ್ಟು ಎತ್ತರ, ಅಗಲ ಯಾವುದಕ್ಕಿತ್ತೋ ಅದರ ಹಿಂದಕ್ಕೇ ಹೋದವು. ಕಾಣದ ತಾಯಿ ಇದ್ದಾಳೆ ಎಂದು ತಿಳಿಯುವುದಕ್ಕೆ ಕೋಳಿಮರಿಗೆ ನಾಲ್ಕು ದಿನ ಸಾಕು. ಹದ್ದು ಸುತ್ತುವ ಆಕಾಶದ ಕೆಳಗೆ ಅದಕ್ಕೆ ತಿಂಗಳುಗಟ್ಟಲೆ ಪುರುಸೊತ್ತಿಲ್ಲ. ಮನುಷ್ಯರ ಮರಿಗೆ ಸೊಂಟದ ಮೇಲೆ ಹೊರುವವರಿದ್ದಾರೆ, ನಿಧಾನವಾಗಿ ಗಟ್ಟಿಯಾಗಬಹುದು.

ಈಗ ಕೈಯ ಕಥೆಗೆ ಮರಳಬೇಕು. ಏಕೆಂದರೆ ಎಂಟನೇ ತಿಂಗಳ ಹೊತ್ತಿಗೆ ಕೈ ಬಟ್ಟೆ ಎತ್ತಲು ಕಲಿತ ಮೇಲೂ ಒಂದು ವಿಚಿತ್ರ ನಡೆಯುತ್ತದೆ. ಎರಡು ಟವೆಲ್ ಹಾಸಿ. ಮಗು ನೋಡುತ್ತಿರುವಾಗಲೇ ಗಿಲಕಿಯನ್ನು ಎಡಗಡೆಯ ಟವೆಲ್ ಕೆಳಗೆ ಇಡಿ, ತೆಗೆಯಲು ಬಿಡಿ. ಎರಡು ಮೂರು ಸಲ ಹೀಗೆ. ಆಮೇಲೆ, ಮಗು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಂತೆಯೇ, ಬಲಗಡೆಯ ಟವೆಲ್ ಕೆಳಗೆ ಇಟ್ಟು ಎರಡು ಮೂರು ಸೆಕೆಂಡ್ ತಡೆಯಿರಿ. ಮಗು ಎಡಗಡೆಯ ಟವೆಲ್ಲನ್ನೇ ಎತ್ತುತ್ತದೆ. ಇದನ್ನೂ ಮೊದಲು ಬರೆದಿಟ್ಟವನು ಪಿಯಾಜೆಯೇ.

ಅಡೆಲ್ ಡೈಮಂಡ್ ಎಂಬ ಅಮೆರಿಕದ ವಿಜ್ಞಾನಿ ಈ ತಪ್ಪಿನ ಬೆನ್ನು ಹತ್ತಿದರು. 25 ಮಕ್ಕಳನ್ನು ಏಳನೇ ತಿಂಗಳ ಆಸುಪಾಸಿನಿಂದ ಒಂದು ವರ್ಷದವರೆಗೆ ಎರಡೆರಡು ವಾರಕ್ಕೊಮ್ಮೆ ನೋಡಿದರು. ಏಳೂವರೆ ತಿಂಗಳಲ್ಲಿ ಎರಡು ಸೆಕೆಂಡಿನೊಳಗಿನ ತಡೆಗೇ ಮಗು ತಪ್ಪುತ್ತದೆ. ತಿಂಗಳಿಗೆ ಸುಮಾರು ಎರಡು ಸೆಕೆಂಡಿನಂತೆ ತಾಳಿಕೆ ಬೆಳೆಯುತ್ತದೆ. ವರ್ಷ ತುಂಬುವ ಹೊತ್ತಿಗೆ ಮಗು ತಪ್ಪಬೇಕಾದರೆ ಹತ್ತು ಸೆಕೆಂಡಿಗೂ ಹೆಚ್ಚು ತಡೆಯಬೇಕು. 1985ರ ಈ ಫಲಿತಾಂಶವನ್ನು ಯಾರಾದರೂ ತಮ್ಮ ಮನೆಯ ಕೂಸಿನೊಂದಿಗೆ ಒಂದು, ಎರಡು, ಮೂರು ಎಣಿಸಿಕೊಂಡು ನೋಡಬಹುದು. ಮಗುವಿಗೆ ನಿದ್ದೆ ಬಂದಿರಬಾರದು, ಹಸಿದಿರಬಾರದು, ಅಷ್ಟೇ.

ಮಿದುಳಿನಲ್ಲಿ ಇದಕ್ಕೆ ಹೊಣೆ ಹಣೆಯ ಹಿಂದಿನ ಭಾಗ. 1971ರಲ್ಲೇ ಹೋಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಕೋತಿಗಳ ಈ ಭಾಗದ ಒಂದೊಂದೇ ನರಕೋಶದ ಮಿಡಿತವನ್ನು ಕೇಳಿಸಿಕೊಂಡಿದ್ದರು. ಎರಡು ಗುಳಿಗಳಲ್ಲಿ ಒಂದಕ್ಕೆ ಹಣ್ಣಿನ ತುಂಡು ಹಾಕಿ ಮುಚ್ಚಿ, ಕೋತಿಯನ್ನು ಕಾಯಿಸಿದರೆ, ಕಾಯುವಷ್ಟು ಹೊತ್ತೂ ಕೆಲವು ಕೋಶಗಳು ಬಿಡದೆ ಮಿಡಿಯುತ್ತಿದ್ದವು. ಕೈಚೀಲದೊಳಗೆ ಕಾಣದ ಬಾಳೆಹಣ್ಣು ಇದೆಯೆಂದು ನಮ್ಮ ಬೆಟ್ಟಗಳ ಕೋತಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲವಲ್ಲ, ಅದು ಈ ಕೋಶಗಳ ಕೆಲಸ. 1989ರಲ್ಲಿ ಡೈಮಂಡ್ ಮತ್ತು ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಚ್ ತೋರಿಸಿಕೊಟ್ಟಂತೆ, ಈ ಭಾಗಕ್ಕೆ ಪೆಟ್ಟಾದ ದೊಡ್ಡ ಕೋತಿಗಳು ಎಂಟು ಒಂಬತ್ತು ತಿಂಗಳ ಮನುಷ್ಯರ ಮಕ್ಕಳಂತೆಯೇ ಹಳೇ ಜಾಗಕ್ಕೆ ಕೈ ಹಾಕಿದವು. 2002ರಲ್ಲಿ ಅಬಿಗೇಲ್ ಬೇರ್ಡ್ ಮತ್ತು ಜೊತೆಗಾರರು ಐದರಿಂದ ಹನ್ನೆರಡು ತಿಂಗಳವರೆಗೆ ಮಕ್ಕಳ ಹಣೆಯ ಮೂಲಕ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಹಾಯಿಸಿ ಅಲ್ಲಿನ ರಕ್ತದ ಬದಲಾವಣೆ ಅಳೆದರು. ಅಡಗಿಸಿಟ್ಟದ್ದನ್ನು ಮಗು ಹುಡುಕಲು ಶುರುಮಾಡುವ ದಿನಗಳಲ್ಲೇ ಹಣೆಯ ಹಿಂದಿನ ಈ ಭಾಗ ಚುರುಕಾಗುವುದು ಕಂಡಿತು.

ಆದರೆ ನೆನಪು ಸಾಲದು ಎಂಬುದಷ್ಟೇ ಇಲ್ಲಿನ ಸಂಗತಿಯಲ್ಲ. ಕೆಲವು ಮಕ್ಕಳು ಕೈಯನ್ನು ಎಡಗಡೆಗೆ ಚಾಚುತ್ತಾ ಕಣ್ಣನ್ನು ಬಲಗಡೆಗೆ, ಗಿಲಕಿ ನಿಜವಾಗಿ ಇರುವ ಕಡೆಗೆ ಇಟ್ಟಿರುತ್ತವೆ! ಮಗುವಿನೊಳಗೆ ಸರಿಯುತ್ತರ ಇದೆ, ಆದರೆ ಕೈಗೆ ಹಳೇ ದಾರಿಯೇ ರೂಢಿ. ಸಂತೆಗೆ ಹೋಗಿ ಬರುವ ಗಾಡಿಯ ಎತ್ತು, ಮೇಲೆ ಕೂತವನು ಬೇರೆ ಕಡೆ ಹೋಗಬೇಕೆಂದಿದ್ದರೂ, ಮನೆಯ ದಾರಿಗೇ ಎಳೆಯುವಂತೆ. ಹಗ್ಗ ಜಗ್ಗಿ ನಿಲ್ಲಿಸುವ ಬಲ ಹಣೆಯ ಹಿಂದಿನ ಆ ಭಾಗಕ್ಕೆ ಇನ್ನೂ ಬರಬೇಕು. ಲಿಂಡಾ ಸ್ಮಿತ್ ಮತ್ತು ಎಸ್ತರ್ ಥೆಲೆನ್ 1999ರಲ್ಲಿ ಒಂದು ಚಂದದ ಉಪಾಯ ಮಾಡಿದರು. ಕೂತು ಆಡುತ್ತಿದ್ದ ಮಗುವನ್ನು ಜಾಗ ಬದಲಿಸುವ ಮುನ್ನ ಎತ್ತಿ ನಿಲ್ಲಿಸಿದರು. ತಪ್ಪು ಬಹುಮಟ್ಟಿಗೆ ಹೋಯಿತು. ಮೈಯ ಭಂಗಿ ಬದಲಾದ ಕೂಡಲೇ ಕೈಯ ಹಳೇ ರೂಢಿ ಕಳಚಿಬಿತ್ತು, ಒಳಗಿದ್ದ ಅರಿವಿಗೆ ದಾರಿ ಸಿಕ್ಕಿತು.

ಹಂಗೇರಿಯ ಯೋಜೆಫ್ ತೊಪಾಲ್ ಮತ್ತು ತಂಡ 2008ರಲ್ಲಿ ಇನ್ನೊಂದು ಮಗ್ಗುಲು ತೋರಿಸಿತು. ಹತ್ತು ತಿಂಗಳ ಮಗುವಿನ ಹೆಸರು ಕರೆದು, ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾ ಆಟಿಕೆ ಅಡಗಿಸಿದರೆ ತಪ್ಪು ಹೆಚ್ಚು. ಮುಖ ತಿರುಗಿಸಿ, ಮಾತಾಡದೆ ಅಡಗಿಸಿದರೆ ತಪ್ಪು ಅರ್ಧದಷ್ಟಕ್ಕೆ ಇಳಿಯಿತು. ಅಂದರೆ, ದೊಡ್ಡವರು ಪ್ರೀತಿಯಿಂದ "ನೋಡು, ಇಲ್ಲೈತೆ" ಎಂದಾಗ ಮಗು ಅದನ್ನು ಪಾಠವೆಂದುಕೊಳ್ಳುತ್ತದೆ: ಇಂಥ ವಸ್ತು ಇರುವುದು ಇಲ್ಲೇ, ಉಪ್ಪಿನ ಡಬ್ಬಿ ಗೂಡಿನಲ್ಲಿರುವ ಹಾಗೆ. ನಾವು ತಪ್ಪು ಎಂದು ಬರೆದುಕೊಂಡದ್ದರಲ್ಲಿ ಒಂದು ಪಾಲು ಮಗು ನಮ್ಮ ಮೇಲೆ ಇಟ್ಟ ನಂಬಿಕೆ. ದೊಡ್ಡಮ್ಮ "ಕಾಕ ಎತ್ಕೊಂಡೋಯ್ತು" ಎಂದಾಗ ಪಕ್ಕದ ಮನೆಯ ಹುಡುಗ ಆಕಾಶ ನೋಡಿದ್ದೂ ಅದಕ್ಕೇ. ಗಿಲಕಿ ಮೊರದ ಕೆಳಗಿದೆಯೆಂದು ಅವನ ಕಣ್ಣು ಹೇಳಿತ್ತು, ಅಜ್ಜಿ ಕಾಗೆಯ ಹೆಸರು ಹೇಳಿದ್ದರು. ಎರಡನ್ನೂ ತೂಗಿ ನೋಡುವುದಕ್ಕೆ ಅವನಿಗೆ ಆ ಒಂದು ಗಳಿಗೆ ಬೇಕಾಯಿತು.

ಎಷ್ಟು ವಸ್ತುಗಳನ್ನು ಹೀಗೆ ನೆನಪಿನಲ್ಲಿ ಹಿಡಿದಿಡಬಹುದು? ಮೂರು. ಲಿಸಾ ಫೈಗನ್ಸನ್ ಮತ್ತು ಸೂಸನ್ ಕೇರಿ ಹತ್ತರಿಂದ ಹನ್ನೆರಡು ತಿಂಗಳ ಮಕ್ಕಳ ಮುಂದೆ ಎರಡು ಡಬ್ಬಿಗಳಿಗೆ ಒಂದೊಂದಾಗಿ ಬಿಸ್ಕತ್ತು ಹಾಕಿದರು. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು ಹಾಕಿದರೆ ಮಕ್ಕಳು ಮೂರಿನ ಡಬ್ಬಿಗೇ ಅಂಬೆಗಾಲಿಟ್ಟು ಹೋಗುತ್ತವೆ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ನಾಲ್ಕು ಹಾಕಿದರೆ ಗಲಿಬಿಲಿಯಾಗಿ ಯಾವುದಕ್ಕೋ ಒಂದಕ್ಕೆ ಹೋಗುತ್ತವೆ. ನಾಲ್ಕು ಎಂದರೆ ಒಂದಕ್ಕಿಂತ ಹೆಚ್ಚು ಎಂದು ಅವಕ್ಕೆ ಹೊಳೆಯುವುದಿಲ್ಲ, ಹಿಡಿದಿಡಲು ಬೆರಳು ಸಾಲದೆ ಇಡೀ ಮುಷ್ಟಿಯೇ ಬಿಚ್ಚಿಹೋಗುತ್ತದೆ. ಕೂಸಿನ ಮುಂದೆ ಹತ್ತು ಆಟಿಕೆ ಸುರಿಯುವವರಿಗೆ ಈ ಮೂರರ ಲೆಕ್ಕವನ್ನು ನಾನು ಈಗ ಹೇಳುತ್ತಿರುತ್ತೇನೆ.

ಇಷ್ಟೆಲ್ಲ ಪ್ರಯೋಗಗಳು ನಡೆದದ್ದು ಬಹುಪಾಲು ದೂರದ ಶ್ರೀಮಂತ ನಗರಗಳಲ್ಲಿ. ನಮ್ಮ ಹಳ್ಳಿಯ ಮಕ್ಕಳ ಮಿದುಳನ್ನು ಯಾರಾದರೂ ನೋಡಿದ್ದಾರೆಯೇ? ನೋಡಿದ್ದಾರೆ, ಉತ್ತರ ಪ್ರದೇಶದ ಶಿವಗಢದಲ್ಲಿ. ಜಾನ್ ಸ್ಪೆನ್ಸರ್, ಶೋಭನಾ ವಿಜಯಕುಮಾರ್ ಮೊದಲಾದವರ ತಂಡ ಹಣೆಗೆ ಬೆಳಕು ಹಾಯಿಸುವ ಉಪಕರಣವನ್ನು ಹಳ್ಳಿಗೇ ಒಯ್ದಿತು. ನಾಲ್ಕು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳು ಕಂಡದ್ದನ್ನು ಗಳಿಗೆಯ ಮಟ್ಟಿಗೆ ನೆನಪಿಡುವಾಗ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ 2019ರಲ್ಲಿ ಪ್ರಕಟಿಸಿದರು. ಬಡತನ ಹೆಚ್ಚಿದ್ದ, ತಾಯಿಗೆ ಓದು ಸಿಗದಿದ್ದ ಮನೆಗಳ ಮಕ್ಕಳಲ್ಲಿ ಆ ಜಾಲ ಮಂಕಾಗಿತ್ತು. ಅದೇ ಶಿವಗಢದ 215 ಮಕ್ಕಳನ್ನು ನೋಡಿದ 2023ರ ಇನ್ನೊಂದು ವರದಿಯಲ್ಲಿ, ಮನೆಯೊಳಗಿನ ಗಾಳಿ ಕೆಟ್ಟಿದ್ದಷ್ಟೂ ಎರಡು ವರ್ಷದೊಳಗಿನ ಮಕ್ಕಳ ಈ ನೆನಪು ಸೊರಗಿತ್ತು. ಬೆರಣಿ ಉರಿಸುವ ಮನೆಗಳ ಗಾಳಿಯೇ ಹೆಚ್ಚು ಕೆಟ್ಟಿತ್ತು. ಇದರಿಂದಲೇ ಅದು ಎಂದು ಕಡ್ಡಿ ಮುರಿದಂತೆ ಹೇಳಲು ಈ ಅಧ್ಯಯನ ಒಂದೇ ಸಾಲದು. ಆದರೂ ಸೌದೆ ಒಲೆಯ ಮುಂದೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುದ್ದೆ ತೊಳಸುವುದನ್ನು ಕಂಡಾಗಲೆಲ್ಲ ನನಗೆ ಆ ವರದಿ ನೆನಪಾಗುತ್ತದೆ. ಗ್ಯಾಸ್ ಸಿಲಿಂಡರ್ ಮೂಲೆಯಲ್ಲಿದ್ದರೂ ಉಳಿತಾಯಕ್ಕೆಂದು ಸೌದೆ ಉರಿಸುವ ಮನೆಗಳು ಇಂದಿಗೂ ಇವೆ. ಕೂಸನ್ನು ಆ ಹೊತ್ತು ಜಗಲಿಯ ಮೇಲೆ ಬಿಡುವುದು ನಮ್ಮ ಕೈಯಲ್ಲೇ ಇದೆ.

ಬೆಳವಣಿಗೆಯನ್ನು ಅಳೆಯುವುದಕ್ಕೆ ನಮ್ಮದೇ ಅಳತೆಗೋಲೂ ಇದೆ. ಬರೋಡದ ಪ್ರಮೀಳಾ ಫಾಟಕ್ ಭಾರತದ ಮಕ್ಕಳನ್ನೇ ನೋಡಿ ರೂಪಿಸಿದ ಪರೀಕ್ಷೆಯನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಊರಿನ ಮಟ್ಟಿಗೆ ತಾಯಿ ಕಾರ್ಡಿನ ಚಿತ್ರಗಳು, ಅಂಗನವಾಡಿ ಕಾರ್ಯಕರ್ತೆಯ ಕಣ್ಣು ಸಾಕು. ವರ್ಷ ತುಂಬಿ ಕೆಲವು ತಿಂಗಳಾದರೂ ಕಣ್ಣೆದುರೇ ಅಡಗಿಸಿಟ್ಟದ್ದನ್ನು ಮಗು ಹುಡುಕುವುದೇ ಇಲ್ಲವೆಂದರೆ ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸುವುದು ಒಳ್ಳೆಯದು. ಎಂಟು ತಿಂಗಳಿಗೆ ಮೊರ ಎತ್ತಲಿಲ್ಲವೆಂದು ಚಿಂತೆ ಬೇಡ.

ದೊಡ್ಡಮ್ಮನ ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಗ್ಗೆ ಏಳೂಕಾಲಿಗೆ ಬಸ್ಸು. ಆರನೇ ತಿಂಗಳವರೆಗೆ ಪಾಪು ಯಾರ ಕೈಗೆ ಕೊಟ್ಟರೂ ನಗುತ್ತಿತ್ತಂತೆ. ಎಂಟು ತುಂಬುತ್ತಲೇ ತಾಯಿ ಬಾಗಿಲು ದಾಟಿದರೆ ಚೀರಾಟ. "ದೃಷ್ಟಿ ಆಗೈತೆ" ಎಂದು ಮೂರು ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಆಮೇಲೆ ತಾಯಿ ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಹೋಗತೊಡಗಿದಳು. ಮತ್ತೆ ಊರಿಗೆ ಹೋದಾಗ ನಾನು ದೊಡ್ಡಮ್ಮನ ಪಕ್ಕ ಕೂತು, ಇದು ದೃಷ್ಟಿಯಲ್ಲ, ನೆನಪು ಎಂದೆ. ಕಾಣದ ತಾಯಿ ಎಲ್ಲೋ ಇದ್ದಾಳೆ ಎಂದು ಗೊತ್ತಾದ ಮಗು ಮಾತ್ರ ಅವಳಿಗಾಗಿ ಅಳಬಲ್ಲದು. ಮರೆತುಬಿಡುವ ಮಗುವಿಗೆ ಅಳಲು ಕಾರಣವಿಲ್ಲ. ಜೆರೋಮ್ ಕೇಗನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದಂತೆ, ಕಲಹರಿ ಮರುಭೂಮಿಯ ಬೇಟೆಗಾರರಲ್ಲಿ, ಗ್ವಾಟೆಮಾಲದ ಹಳ್ಳಿಗಳಲ್ಲಿ, ಇಸ್ರೇಲಿನ ಕಿಬ್ಬುತ್ಸ್‌ಗಳಲ್ಲಿ, ಎಲ್ಲ ಕಡೆಯೂ ಈ ಅಳು ಮೊದಲ ವರ್ಷದ ಕೊನೆಗೆ ಏರಿ ಆಮೇಲೆ ಇಳಿಯುತ್ತದೆ.

"ಅಂಗಾರೆ ಇದು ಬುದ್ದಿ ಬಂದಿರಾದಾ?" ಎಂದು ಕೇಳಿದರು ದೊಡ್ಡಮ್ಮ. ಹೌದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. "ಅಜ್ಜಿ ಎಲ್ಲವ್ಳೆ?" ಪಾಪು ಉಸಿರು ಬಿಗಿಹಿಡಿಯಿತು. "ಇಲ್ಲವ್ಳೆ!" ಕೇಕೆ ಹಾಕಿ ನಕ್ಕಿತು. ಈ ಆಟವನ್ನೂ ಅಳೆದವರಿದ್ದಾರೆ. 1989ರಲ್ಲಿ ಜೆರಾಡ್ ಪ್ಯಾರಟ್ ಮತ್ತು ಹೆನ್ರಿ ಗ್ಲೈಟ್‌ಮನ್ ಆರರಿಂದ ಎಂಟು ತಿಂಗಳ ಮಕ್ಕಳೊಡನೆ ಆಡುತ್ತಾ, ನಡುವೆ ಮರೆಯಾದವರ ಬದಲು ಬೇರೆಯವರನ್ನು, ಅಥವಾ ಅವರನ್ನೇ ಬೇರೆ ಜಾಗದಲ್ಲಿ ಕಾಣಿಸಿದರು. ಮಕ್ಕಳ ನಗು ಕಡಿಮೆಯಾಯಿತು. ಕೂಸಿಗೆ ಹಿಗ್ಗು ತರುವುದು ಬರೀ ಬೆಚ್ಚಿಬೀಳುವುದಲ್ಲ. ಹೋದವರೇ, ಹೋದ ಜಾಗದಿಂದಲೇ ಬರುತ್ತಾರೆ ಎಂದು ತಾನು ಹಿಡಿದುಕೊಂಡದ್ದು ನಿಜವಾಗುವುದು.

ನಾನು ಇದನ್ನೆಲ್ಲ ಹೇಳಿದ ಮೇಲೆ ಸೊಸೆಗೆ ದೊಡ್ಡಮ್ಮನೇ ಹೇಳಿದರು, ಹಿತ್ತಲಿಂದ ಹೋಗಬೇಡ, ಹೇಳಿ ಹೋಗು ಎಂದು. ನಮ್ಮ ಮಾತಿನಲ್ಲಿ ಹೊಸಿಲು ದಾಟುವವರು ಹೋಗುತ್ತೇನೆ ಎನ್ನುವುದಿಲ್ಲವಲ್ಲ, ಹಾಗಂದರೆ ಹಿರಿಯರು ಬಯ್ಯುತ್ತಾರೆ. ಮಾರನೆಯ ಬೆಳಗ್ಗೆ ಅವಳು ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಮುಂಬಾಗಿಲಲ್ಲೇ ಕೂಸಿನ ಕೆನ್ನೆ ಮುಟ್ಟಿ, "ಹೋಗ್ಬತ್ತೀನಿ ಕಣವ್ವಾ" ಎಂದಳು. ಪಾಪು ಅತ್ತಿತು, ಚೆನ್ನಾಗಿಯೇ ಅತ್ತಿತು. ಮಂಜಿನಲ್ಲಿ ಬಸ್ಸಿನ ಹಿಂದಿನ ದೀಪ ತಿರುವಿನ ಬಂಡೆಯ ಮರೆಗೆ ಹೋಯಿತು. ದೊಡ್ಡಮ್ಮನ ಸೊಂಟದ ಮೇಲಿಂದ ಬಗ್ಗಿ, ಬಿಕ್ಕುತ್ತಲೇ, ಅದು ಬಂಡೆಯ ಆಚೆ ಬದಿಯನ್ನು ನೋಡುತ್ತಿತ್ತು.